ಫೆರೆಟ್ಟಿನ ಸೂಜಿ, ಅತ್ತೆಯವರ ಬಿಸ್ಕೀಟು

ನಾದಿನಿ ಹೈದರಾಬಾದಿನಲ್ಲಿ ಮನೆ ಬದಲಿಸುವಾಗ ಎಂಟು ದಿನಕ್ಕೆಂದು ನಮ್ಮಲ್ಲಿ ಬಿಟ್ಟುಹೋದ ಫೆರೆಟ್ಟು ಎಂಬ ವಿದೇಶಿ ಸಾಕುಪ್ರಾಣಿ ಬಸವಕಲ್ಯಾಣಕ್ಕೆ ಬಂದು ಆಗ ಎಂಟು ತಿಂಗಳಾಗಿತ್ತು. ಮುಂಗುಸಿಯಂಥ ಉದ್ದ ಮೈ, ಬೆಣ್ಣೆ ಬಣ್ಣದ ಕೂದಲು, ಈಗಷ್ಟೇ ಏನೋ ಕದ್ದು ಬಂದ ಮುಖ. ಓಣಿಯವರು ಅದನ್ನು ಮುಂಗುಸಿಯೆಂದೇ ನಂಬಿದ್ದರು. ಬೆಳಿಗ್ಗೆ ಅದರ ದರ್ಶನವಾದರೆ ಒಳ್ಳೆಯದೆಂದು ಪರೀಕ್ಷೆಗೆ ಹೋಗುವ ಹುಡುಗಿಯರು ನಮ್ಮ ಕಿಟಕಿಯಲ್ಲಿ ಇಣುಕುತ್ತಿದ್ದರು. ಅದು ದಿನದ ಬಹುಪಾಲು ಮಲಗಿಯೇ ಇರುತ್ತಿದ್ದರಿಂದ ಹೆಚ್ಚಿನವರು ಬಾಲ ನೋಡಿ ಸಮಾಧಾನಪಟ್ಟುಕೊಂಡು ಹೋಗುತ್ತಿದ್ದರು.

ಅದು ಮಲಗುತ್ತಿದ್ದದ್ದು ಅತ್ತೆಯವರ ಮಡಿಲಲ್ಲಿ. ತತ್ತಿ ಬೇಯಿಸಿದ ಮನೆಯಲ್ಲಿ ನೀರೂ ಕುಡಿಯದ ಅವರು, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತಾಗಲೂ ಅದನ್ನು ಎಬ್ಬಿಸುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಡಬ್ಬಿಯಿಂದ ಕಂದು ಬಣ್ಣದ ಸಣ್ಣ ಬಿಲ್ಲೆಗಳನ್ನು ತೆಗೆದು ಒಂದೊಂದಾಗಿ ತಮ್ಮ ಕೈಯಿಂದಲೇ ತಿನ್ನಿಸುತ್ತಿದ್ದರು. ಅವುಗಳನ್ನು ಅವರು ಬಿಸ್ಕೀಟು ಅನ್ನುತ್ತಿದ್ದರು. ಅವು ಒಣಗಿಸಿದ ಕೋಳಿಮಾಂಸದವು ಎಂದು ನಾದಿನಿ ನನಗೊಬ್ಬಳಿಗೇ ಹೇಳಿದ್ದಳು. ನಾನು ಸುಳ್ಳು ಹೇಳಿರಲಿಲ್ಲ. ಚೀಲದ ಮೇಲೆ ಕೋಳಿಯ ಚಿತ್ರವಿತ್ತು, ಅದಕ್ಕೆ ಎಲ್ಲವನ್ನೂ ಒಂದು ಹಳೆಯ ಡಬ್ಬಿಗೆ ಸುರಿದಿದ್ದೆ, ಅಷ್ಟೆ.

ಹೀಗಿರುವಾಗ ಓಣಿಯಲ್ಲಿ ಜೊಲ್ಲು ಸುರಿಸುತ್ತಿದ್ದ ನಾಯಿಯೊಂದು ಎರಡು ಆಡುಗಳನ್ನು ಕಚ್ಚಿ ಓಡಿಹೋಯಿತು. ನಮ್ಮ ಫೆರೆಟ್ಟು ಆಗಲೇ ಎರಡು ಸಲ ಬಚ್ಚಲ ಮೋರಿಯಿಂದ ನುಸುಳಿ ಬೀದಿಗೆ ಹೋಗಿ ಬಂದಿತ್ತು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದಿತು.

ಕಾನ್ವೆಂಟಿನಲ್ಲಿ ಕಲಿತ ಚಟ ನನ್ನದು. ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ ಎಳೆದು, ಒಂದು ಕಡೆ ಲಾಭ, ಇನ್ನೊಂದು ಕಡೆ ಅಪಾಯ ಎಂದು ಬರೆದೆ. ಲಾಭದ ಕಡೆ ಒಂದೇ ಸಾಲು: ನಾಯಿ ಕಚ್ಚಿದರೂ ಫೆರೆಟ್ಟೂ ಉಳಿಯುತ್ತದೆ, ನಾವೂ ಉಳಿಯುತ್ತೇವೆ. ಅಪಾಯದ ಕಡೆ ವಾಂತಿ, ಬಾವು, ಉಸಿರು ಕಟ್ಟುವುದು. ಅತ್ತೆಯವರು ಪಕ್ಕದಲ್ಲಿ ಕೂತು ಇನ್ನಷ್ಟು ಬರೆಸಿದರು. ಚುಚ್ಚಿದರೆ ನೋಯುತ್ತದೆ. ಡಾಕ್ಟರು ಮರೆತು ಎಮ್ಮೆಯ ಸೂಜಿ ಹಾಕಿಬಿಟ್ಟರೆ? ನಾಳೆ ಅದು ನಮ್ಮನ್ನು ನಂಬದೇ ಹೋದರೆ? ಅಪಾಯವು ಹಾಳೆಯ ಬೆನ್ನಿಗೂ ಹರಿಯಿತು. ನನ್ನ ಯಜಮಾನರು ಎರಡೂ ಬದಿ ಓದಿ, "ಬಹುಮತ ಅಪಾಯದ್ದೇ ಅದ. ಆದ್ರ ಹುಚ್ಚನಾಯಿ ಮತ ಎಣಸಂಗಿಲ್ಲ" ಎಂದು ಅಂಗಡಿಗೆ ಹೋದರು.

ಹುಮನಾಬಾದಿನ ದನದ ಡಾಕ್ಟರೊಬ್ಬರು ಓದುವ ಕಾಲದಲ್ಲಿ ಒಮ್ಮೆ ಫೆರೆಟ್ಟನ್ನು ನೋಡಿದ್ದೆನೆಂದು ಫೋನಿನಲ್ಲಿ ಹೇಳಿದರು. ಅಷ್ಟು ಅನುಭವವಿದ್ದವರು ಸುತ್ತ ಇನ್ನೊಬ್ಬರಿರಲಿಲ್ಲ. ಕಾಯಿಪಲ್ಲೆ ಬುಟ್ಟಿಯಲ್ಲಿ ಅದನ್ನಿಟ್ಟು, ಮೇಲೆ ಬಟ್ಟೆ ಬಿಗಿದು, ಅತ್ತೆಯವರೂ ನಾನೂ ಬಸ್ಸು ಹತ್ತಿದೆವು.

ಅಲ್ಲಿ ಸರದಿಯಲ್ಲಿ ನಮ್ಮ ಮುಂದೆ ಒಂದು ಎಮ್ಮೆ ಇತ್ತು; ನೋಡಿ ಮುಗಿದ ಮೇಲೂ ಅದನ್ನು ಅಲ್ಲೇ ಕಟ್ಟಿದ್ದರು. ಡಾಕ್ಟರು ಲಸಿಕೆಯ ಜೊತೆ ಬಂದ ಚೀಟಿಯನ್ನು ನನ್ನ ಕೈಗಿಟ್ಟು ಓದಲು ಹೇಳಿದರು. ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ನಾಯಿ, ಬೆಕ್ಕು, ದನಗಳ ನಂತರ ಫೆರೆಟ್ಟಿನ ಹೆಸರೂ ಇತ್ತು. ತೋರಿಸಿದೆ. ನನಗಿಂತ ಅವರಿಗೇ ಹೆಚ್ಚು ನಿರಾಳವಾಯಿತು. ನಾಯಿಗಳಿಗೆ ಹಾಕುವ, ಹಲವು ರೋಗಗಳಿಗೆ ಒಂದೇ ಆದ ಇನ್ನೊಂದು ಲಸಿಕೆಯನ್ನು ಮಾತ್ರ ತಾವು ಹಾಕುವುದಿಲ್ಲ, ಅದರಿಂದಲೇ ಇಂಥ ಪ್ರಾಣಿಗೆ ರೋಗ ಬರಬಹುದೆಂದು ಹೈದರಾಬಾದಿನ ಗೆಳೆಯರು ಎಚ್ಚರಿಸಿದ್ದಾರೆ ಎಂದರು. ಅದರ ಬದಲು ನಾಯಿಗಳಿಂದ ದೂರವಿಡಿ, ಚಪ್ಪಲಿಗೂ ರೋಗ ಅಂಟಿ ಬರುತ್ತದೆ, ಹೊರಗೆ ಬಿಡಿ ಎಂದರು. ಚಪ್ಪಲಿ ನಾವು ಮೊದಲಿನಿಂದಲೂ ಹೊರಗೇ ಬಿಡುತ್ತೇವೆ.

ಸೂಜಿ ಕೈಯಲ್ಲಿ ಹಿಡಿದು, ಏನು ತಿನ್ನುತ್ತದೆಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯವರು ಹೆಮ್ಮೆಯಿಂದ ಹೇಳಿದರು: "ಬಿಸ್ಕೀಟ್ ರಿ. ನಮ್ಮ ಮನ್ಯಾಗ ಇದೂ ಶಾಕಾಹಾರಿ. ನನ್ನ ಕೈಲೇ ತಿನಸ್ತೀನಿ."

ಡಾಕ್ಟರು ಸೂಜಿಯನ್ನು ತಟ್ಟೆಯಲ್ಲಿಟ್ಟರು. "ಹಂಗಾದ್ರ ಇವತ್ತ ಬ್ಯಾಡ್ರಿ ಅವ್ವಾರ. ಇದು ಮಾಂಸ ತಿನ್ನೂ ಪ್ರಾಣಿ. ಮ್ಯಾಲ ಚೊಲೋ ಕಂಡ್ರೂ ಒಳಗ ಸೊರಗಿರ್ತದ. ಸೊರಗಿದ ಮೈಗಿ ನಾ ಚುಚ್ಚಂಗಿಲ್ಲ."

ಪರ್ಸಿನಲ್ಲಿದ್ದ ನನ್ನ ಹಾಳೆಯಲ್ಲಿ ಇದಕ್ಕೊಂದು ಸಾಲಿರಲಿಲ್ಲ. ಹೇಳಿದರೆ ಅದಕ್ಕೆ ಅತ್ತೆಯವರ ಮಡಿಲು ತಪ್ಪುತ್ತದೆ, ಬಹುಶಃ ಮನೆಯೂ. ಹೇಳದಿದ್ದರೆ ಸೂಜಿಯಿಲ್ಲದೆ ಮರಳಿ ಅದೇ ಮೋರಿ, ಅದೇ ಓಣಿ. ಅದರ ಮೀಸೆಗೆ ಅತ್ತೆಯವರ ಅಂಗೈಯ ವಿಭೂತಿ ಮೆತ್ತಿಕೊಂಡಿತ್ತು. ಅದನ್ನೇ ನೋಡುತ್ತ, "ಅವು ಬಿಸ್ಕೀಟ್ ಅಲ್ರಿ ಅತ್ತಿಯವ್ರ. ಕೋಳಿದು" ಎಂದೆ.

ಅದೇ ಗಳಿಗೆಯಲ್ಲಿ ಎಮ್ಮೆ ಉಚ್ಚೆ ಹೊಯ್ಯತೊಡಗಿತು. ಅದು ಮುಗಿಯುವವರೆಗೆ ಯಾರೂ ಮಾತಾಡುವ ಹಾಗಿರಲಿಲ್ಲ. ಮುಗಿಯಲು ಬಹಳ ಹೊತ್ತು ಹಿಡಿಯಿತು.

ಮಾಂಸ ತಿನ್ನುತ್ತಿದ್ದರೆ ಗಟ್ಟಿಯಾಗಿಯೇ ಇರುತ್ತದೆ ಎಂದು ಡಾಕ್ಟರು ಮೈ ತಡವಿ ನೋಡಿ, ಕುತ್ತಿಗೆಯ ಸಡಿಲ ಚರ್ಮಕ್ಕೆ ಸೂಜಿ ಚುಚ್ಚಿ, ಅರ್ಧ ತಾಸು ಇಲ್ಲೇ ಕೂತು ನೋಡಿಕೊಳ್ಳಿ ಎಂದರು. ಅತ್ತೆಯವರು ನಲ್ಲಿಗೆ ಹೋಗಿ ಮೊಣಕೈವರೆಗೆ ಮೂರು ಸಲ ತೊಳೆದುಕೊಂಡು ಬಂದು ಬೆಂಚಿನ ಆ ತುದಿಗೆ ಕೂತರು. ಈ ತುದಿಗೆ ನಾನು. ನಡುವೆ ಬುಟ್ಟಿ.

ಇಪ್ಪತ್ತು ನಿಮಿಷಕ್ಕೆ ಫೆರೆಟ್ಟಿನ ಕುತ್ತಿಗೆ ವಾಲಿತು. ಮುಟ್ಟಿದೆ, ಒದ್ದೆ ಬಟ್ಟೆಯಂತೆ ಜೋತುಬಿತ್ತು. ನಾನು ಡಾಕ್ಟರನ್ನು ಕೂಗಿ ತಿರುಗುವಷ್ಟರಲ್ಲಿ ಅತ್ತೆಯವರು ಅದನ್ನು ಎದೆಗೆ ಎತ್ತಿಕೊಂಡು, ಬೆನ್ನು ತಿಕ್ಕುತ್ತ, "ಏಳೋ ನನ್ನಪ್ಪ, ಏಳೋ" ಅನ್ನುತ್ತಿದ್ದರು. ಡಾಕ್ಟರು ಓಡಿಬಂದು ಒಸಡು ನೋಡಿದರು, ಎದೆ ಆಲಿಸಿದರು. "ಏನೂ ಆಗಿಲ್ರಿ. ಮಲಗ್ಯಾದ" ಎಂದರು. ಈ ಪ್ರಾಣಿಗಳು ಸತ್ತಂತೆಯೇ ಮಲಗುತ್ತವಂತೆ. ಅಷ್ಟರಲ್ಲಿ ಅದು ಕಣ್ಣು ಬಿಟ್ಟು ಅತ್ತೆಯವರ ಮುಖಕ್ಕೇ ಆಕಳಿಸಿತು. ಅವರು ಮುಖ ಹೊರಳಿಸಿದರು. ಕೈ ಸಡಿಲಿಸಲಿಲ್ಲ.

"ಕೋಳಿ ಬಿಟ್ರ ಬದುಕಂಗಿಲ್ಲೇನ್ರಿ ಸಾಹೇಬ್ರ?"

"ಇಲ್ರಿ ಅವ್ವಾರ."

ಉಳಿದ ಹತ್ತು ನಿಮಿಷ ಅತ್ತೆಯವರು ಅದನ್ನು ಎದೆಗೊತ್ತಿಕೊಂಡೇ ಕೂತರು. ಬುಟ್ಟಿ ಎತ್ತಿಕೊಂಡು ಹೊರಡುವಾಗ ನನ್ನ ಕಡೆ ನೋಡದೆ ಹೇಳಿದರು: "ಇನ್ನ ಮ್ಯಾಲ ನೀನ ತಿನಸು. ಹಿತ್ತಲದಾಗ. ಬಾಯಿ ಒರಸಿ ಕೊಡು ನನಗ."

ಈಗ ದಿನಾ ಬೆಳಿಗ್ಗೆ ಹಿತ್ತಲಲ್ಲಿ ತಿನ್ನಿಸಿ, ಒದ್ದೆ ಬಟ್ಟೆಯಿಂದ ಅದರ ಮೂತಿ ಒರೆಸಿ ಒಳಗೆ ತರುತ್ತೇನೆ. ಅತ್ತೆಯವರು ಮೂಸಿ ನೋಡುತ್ತಾರೆ. ಕೆಲವು ದಿನ ಎರಡು ಸಲ ಒರೆಸಬೇಕಾಗುತ್ತದೆ.