ಶರಣವ್ವ ಕೇಳಿದ ಲೆಕ್ಕ

ಕಳೆದ ಭಾನುವಾರ ನನ್ನನ್ನು ಯಲಬುರ್ಗಾಕ್ಕೆ ಕರೆಸಿದ್ದು ಒಂದು ಮದುವೆ ನಿಲ್ಲಿಸಲು. ಅಥವಾ ನಡೆಸಲು. ಯಾವುದು ಅಂತ ಬಸ್ಸಿಳಿದಾಗಲೂ ನನಗೆ ಗೊತ್ತಿರಲಿಲ್ಲ.

ಕರೆಸಿದವನು ನನ್ನ ದೊಡ್ಡಪ್ಪನ ಮಗ ಬಸಣ್ಣ. ಅವನ ಕಿರಿಯ ಮಗಳು ಶರಣವ್ವನನ್ನು ಸೋದರಮಾವ ಈರಪ್ಪನಿಗೆ ಕೊಡುವ ಮಾತಾಗಿತ್ತು. (ಅದರಲ್ಲೇನು ವಿಶೇಷ ಅಂತೀರಾ? ನಮ್ಮ ಕಡೆ ಏನೂ ಇಲ್ಲ.) ತೊಡಕು ಬೇರೆ. ಹಿರಿಯ ಮಗಳು ನಾಗವ್ವನನ್ನು ಈರಪ್ಪನ ಅಣ್ಣನಿಗೇ ಕೊಟ್ಟಿದ್ದಾರೆ. ಅವಳ ಐದು ವರ್ಷದ ಮಗಳು ಗೌರಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ.

ಟಿ.ಸಿ.ಎಚ್. ಮುಗಿಸಿದ ಶರಣವ್ವ ಹಟ ಹಿಡಿದಿದ್ದಳು. "ಕಾಕಾನ್ನ ಕರಸ್ರಿ. ಅವರು ಲೆಕ್ಕಾ ಹಾಕಿ ಹೇಳಲಿ."

ನಾನು ಗಂಗಾವತಿಯಲ್ಲಿ ಜೀವಶಾಸ್ತ್ರದ ಲೆಕ್ಚರರ್ ಅಲ್ಲವೇ? ಅವರ ಪಾಲಿಗೆ ಡಾಕ್ಟರೂ ನಾನೇ, ಜೋಯಿಸನೂ ನಾನೇ.

ಚಹಾದ ಜೊತೆಗೇ ಅತ್ತಿಗೆ ಶುರು ಮಾಡಿದರು. "ನಮ್ಮವ್ವನ್ನ ಕೊಟ್ಟಿದ್ದೂ ಸೋದರಮಾವಗ. ಆರು ಮಂದಿ ಹುಟ್ಟೀವಿ. ಯಾರಿಗೇನಾಗೈತಿ ಹೇಳಪಾ?"

ನಿಜ. ಯಾರಿಗೂ ಏನೂ ಆಗಿಲ್ಲ.

ನಾನು ಪೆನ್ನು ತೆಗೆದು ಮನೆತನದ ಚಿತ್ರ ಬರೆದೆ. ಕೆಲವು ದೋಷಗಳು ರಕ್ತದಲ್ಲಿ ಅಡಗಿ ಕೂತಿರುತ್ತವೆ, ತಂದೆ ತಾಯಿ ಇಬ್ಬರ ಕಡೆಯಿಂದ ಬಂದರೆ ಮಾತ್ರ ಹೊರಗೆ ಕಾಣುತ್ತವೆ, ಒಂದೇ ಮನೆತನದೊಳಗೆ ಮದುವೆಯಾದರೆ ಆ ಸಂಭವ ಹೆಚ್ಚು ಅಂತ ವಿವರಿಸಿದೆ. ಗೌರಿಯ ಕಿವುಡು ಹಾಗೆ ಬಂದದ್ದೇ ಆಗಿದ್ದರೆ, ಶರಣವ್ವನಿಗೆ ಹುಟ್ಟುವ ಪ್ರತಿ ಕೂಸಿಗೂ ಅದು ಬರುವ ಸಂಭವ ಸುಮಾರು ಹದಿನಾರರಲ್ಲಿ ಒಂದು.

"ಅಂದ್ರ ಹದಿನೈದು ಛಲೋ ಹುಟ್ತಾವ?" ಅತ್ತಿಗೆಯ ಮುಖ ಅರಳಿತು.

"ಹಂಗಲ್ಲ. ಮೊದಲನೇದಕ್ಕs ಬರಬಹುದು. ಒಂದಕ್ಕೂ ಬರದೇ ಇರಬಹುದು."

ಬಸಣ್ಣ ತಲೆ ಕೆರೆದುಕೊಂಡ. "ಇದು ರೇಡಿಯೋದಾಗ ಮಳಿ ಹೇಳಿದಂಗ ಆತಲ್ಲೋ ತಮ್ಮಾ. ಜಿಲ್ಲಾಕ್ಕ ಮಳಿ ಅಂತಾರ. ನನ್ನ ಹೊಲಕ್ಕ ಬರ್ತೈತೋ ಇಲ್ಲೋ ಹೇಳಂಗಿಲ್ಲ."

ವರ್ಷಗಟ್ಟಲೆ ನಾನು ಬೋರ್ಡಿನ ಮೇಲೆ ಬರೆದದ್ದನ್ನು ಎರಡು ಮಾತಿನಲ್ಲಿ ಮುಗಿಸಿಬಿಟ್ಟ! ನಮ್ಮ ಶಾಸ್ತ್ರ ಸಾವಿರ ಮನೆಗಳ ಬಗ್ಗೆ ಧೈರ್ಯವಾಗಿ ಮಾತಾಡುತ್ತದೆ. ಒಂದು ತೊಟ್ಟಿಲ ಮುಂದೆ ನಿಲ್ಲಿಸಿದರೆ ತೊದಲುತ್ತದೆ.

ಆಗ ಅಡುಗೆಮನೆ ಬಾಗಿಲಿನಿಂದ ದನಿ ಬಂತು. ನಾಗವ್ವ. ಗೌರಿ ಅವಳ ಸೊಂಟಕ್ಕೆ ಆತುಕೊಂಡು ನಿಂತು, ನನ್ನ ತುಟಿಗಳನ್ನೇ ನೋಡುತ್ತಿದ್ದಳು.

"ಹಂಗಾರ ನನ್ನ ಮಗಳು ಹುಟ್ಟಬಾರದಿತ್ತೇನ್ರಿ, ಕಾಕಾ?"

ಅಷ್ಟು ಹೊತ್ತು ಆ ಮಗುವನ್ನು ನಾನು ಒಂದು ಅಂಕಿಯಾಗಿ ಎಣಿಸಿದ್ದೆ, ಅದೂ ಅವಳ ಎದುರಿಗೇ. ಪೆನ್ನು ಮುಚ್ಚಿದೆ.

ಶರಣವ್ವ ಎದ್ದು ಹೋಗಿ ಅಕ್ಕನ ಕೈ ಹಿಡಿದಳು. ಅವಳ ಕಣ್ಣಲ್ಲೂ ನೀರು.

"ಅಳಬ್ಯಾಡ ಯಕ್ಕಾ. ತಪ್ಪು ನಂದು. ಈ ಮದುವಿ ಬ್ಯಾಡ ಅನ್ನೂದು ಗೌರಿ ಸಲುವಾಗಿ ಅಲ್ಲ." ಅಪ್ಪನ ಕಡೆ ತಿರುಗಿದಳು. "ಈರಪ್ಪ ಮಾಮಾ ನನ್ನನ್ನ ಹೆಗಲ ಮ್ಯಾಲೆ ಹೊತ್ತು ಆಡಿಸಿದಾಂವ. ಗಂಡ ಅಂತ ನೋಡಾಕ ನನ್ನ ಕೈಲೆ ಆಗಂಗಿಲ್ಲ. ಬರೇ ಒಲ್ಲೆ ಅಂದ್ರ ಯಾರು ಕೇಳ್ತೀರಿ? ಅದಕ್ಕs ಕಾಕಾನ ಲೆಕ್ಕಾ ಬೇಕಾಗಿತ್ತು."

"ಮೊದಲs ಹೇಳಬಾರದಾ?" ಅಂದ ಬಸಣ್ಣ.

"ಮೂರು ಸಲ ಹೇಳೀನಿ, ಅಪ್ಪಾ."

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಬಸಣ್ಣ ನನ್ನನ್ನು ಬಸ್ ಹತ್ತಿಸಲು ಬಂದ. ಬಸ್ಸು ಹೊರಡುವಾಗ ಕಿಟಕಿ ಹಿಡಿದು, "ಈರಪ್ಪಗ ನಾನs ಹೇಳ್ತೀನಿ, ಬ್ಯಾಡ ಅಂತ" ಅಂದ.

ಹೆಣ್ಣುಮಗಳೊಬ್ಬಳ 'ಒಲ್ಲೆ' ನಮ್ಮ ಕಿವಿಗೆ ಬೀಳಲು ಇನ್ನೆಷ್ಟು ಶಾಸ್ತ್ರ ಓದಬೇಕು, ಹೇಳಿ?