ಹಗ್ಗ ಹರಿದ ಲಿಫ್ಟಿನ ಲೆಕ್ಕ

ಆಗೆಲ್ಲ ಪುಣೆಯಲ್ಲಿ ಲಿಫ್ಟ್ ಎಂದರೆ ಗುಂಡಿ ಒತ್ತಿದರೆ ಓಡಿಬರುವ ಈಗಿನ ಅಗ್ಗದ ಸರಕಲ್ಲ. ಅದಕ್ಕೆ ಮಡಚುವ ಕಬ್ಬಿಣದ ಬಾಗಿಲಿತ್ತು, ಹಿತ್ತಾಳೆಯ ಹಿಡಿಕೆಯಿತ್ತು, ಸ್ಟೂಲಿನ ಮೇಲೆ ಒಬ್ಬ ಅಧಿಪತಿಯಿದ್ದ. ಕ್ಯಾಂಪ್ ಬಡಾವಣೆಯ ನಾಲ್ಕು ಮಹಡಿಯ ಕಚೇರಿ ಕಟ್ಟಡವೊಂದರಲ್ಲಿ ಆ ಅಧಿಪತಿ ನನ್ನ ಅಪ್ಪ. ಕಲಬುರಗಿ ಕಡೆಯಿಂದ ಕಟ್ಟಡ ಕಟ್ಟಲು ಬಂದವನು, ಕಟ್ಟಿ ಮುಗಿದ ಮೇಲೆ ಅದರ ಲಿಫ್ಟಿನೊಳಗೇ ಉಳಿದುಬಿಟ್ಟಿದ್ದ. ಮನೆಗೆ ಬಂದರೂ ಅವನ ಅಂಗಿಯಲ್ಲಿ ಗ್ರೀಸಿನ ವಾಸನೆ ಇರುತ್ತಿತ್ತು.

ಹತ್ತನೆಯ ತನಕ ಕನ್ನಡ ಶಾಲೆಯಲ್ಲಿ ಓದಿದ ನಾನು ಆ ಮಳೆಗಾಲ ಹನ್ನೊಂದನೆಯ ಸೈನ್ಸಿಗೆ ಇಂಗ್ಲಿಷ್ ಕಾಲೇಜು ಸೇರಿದ್ದೆ. ಬಲ, ಚಲನೆಯ ಲೆಕ್ಕಗಳು ಇಂಗ್ಲಿಷಿನಲ್ಲಿ ಒಂದೂ ತಲೆಗೆ ಹತ್ತಲಿಲ್ಲ. ಅದಕ್ಕೊಂದು ಉಪಾಯ ಕಂಡುಕೊಂಡೆ: ಪ್ರತಿ ಲೆಕ್ಕವನ್ನೂ ಕನ್ನಡ ಮಾಡಿ ಅಪ್ಪನಿಗೆ ಹೇಳುವುದು. ಅವನಿಗೆ ತಿಳಿದರೆ ನನಗೆ ತಿಳಿದಂತೆ. ಅಪ್ಪ ಓದಿದ್ದು ಎರಡನೆಯ ತರಗತಿ. ಕೇಳುವ ಗಾಂಭೀರ್ಯ ಮಾತ್ರ ಹೈಕೋರ್ಟಿನ ನ್ಯಾಯಾಧೀಶರದು.

ಒಂದು ಭಾನುವಾರ ಮಧ್ಯಾಹ್ನ ಹೊರಗೆ ಮಳೆ, ಒಳಗೆ ಹುರಿದ ಶೇಂಗಾದ ಘಮ. ಅಪ್ಪ ಮೊರದಲ್ಲಿ ಶೇಂಗಾ ಹಾಕಿಕೊಂಡು ಸಿಪ್ಪೆ ಕೇರುತ್ತಿದ್ದ. ಪುಸ್ತಕದಲ್ಲಿ ಲಿಫ್ಟಿನ ಲೆಕ್ಕ ಬಂತು. ನಮ್ಮ ಮನೆತನದ ಲೆಕ್ಕವೆಂದು ಹಿಗ್ಗಿ ಶುರುಮಾಡಿದೆ.

"ಅರವತ್ತು ಕಿಲೋದ ಒಬ್ಬ ಮನುಷ್ಯಾ ಲಿಫ್ಟಿನ್ಯಾಗ ತೂಕದ ಮಷಿನ್ ಮ್ಯಾಲ ನಿಂತಾನ. ಲಿಫ್ಟ್ ಮ್ಯಾಲ ಜಿಗಿದು ಹೊಂಟ್ರ ಮಷಿನ್ ಹೆಚ್ಚಿಗಿ ತೋರಸ್ತದ."

"ಖರೇ ಅದ. ನನ್ನ ಮೊಣಕಾಲಿಗೆ ಹದಿನಾಕು ವರ್ಷದಿಂದ ಗೊತ್ತದ. ಮುಂದ?"

"ಲಿಫ್ಟಿನ ಹಗ್ಗ ಹರೀತದ."

ಮೊರ ನಿಂತಿತು. "ಯಾವ ಬಿಲ್ಡಿಂಗಿನ್ಯಾಗ?"

"ಪುಸ್ತಕದಾಗಪಾ. ಆವಾಗ ಮಷಿನ್ ಎಷ್ಟ ತೋರಸ್ತದ? ಮನುಷ್ಯಾ, ಮಷಿನ್ ಎರಡೂ ಕೂಡೇ ಬೀಳ್ತಾವ, ಅದಕ್ಕ ಸೊನ್ನಿ!"

"ಮಷಿನ್ ಸುಡ್ಲಿ. ಆ ಮನುಷ್ಯಾಗ ಏನಾತು?"

"ಅದನ್ನ ಕೇಳಿಲ್ಲ."

"ಒಬ್ಬರೂ ಕೇಳಿಲ್ಲ?" ಅಪ್ಪ ಅವ್ವನತ್ತ ತಿರುಗಿದ. "ನೋಡ, ಅರವತ್ತು ಕಿಲೋದ ಮನುಷ್ಯಾ ಸೊನ್ನಿ ಆದ. ಇವ್ರು ಮಷಿನ್ ನೋಡಕೋತ ನಿಂತಾರ."

"ತೂಕದ ಮಷಿನ್ ತಗೊಂಡು ಲಿಫ್ಟ್ ಹತ್ತಿದಂವ ಭಾಳ ಶಾಣ್ಯಾನೂ ಇರಲಿಕ್ಕಿಲ್ಲ ಬಿಡ್ರಿ," ಎಂದಳು ಅವ್ವ.

ಅಪ್ಪ ನಗಲಿಲ್ಲ. ಸಂಜೆಯ ಚಹಾ ಹಾಗೇ ಆರಿತು.

ಮರುದಿನ ಮಧ್ಯಾಹ್ನ ಎಂದಿನಂತೆ ಅಪ್ಪನಿಗೆ ರೊಟ್ಟಿಯ ಡಬ್ಬಿ ಒಯ್ದವಳು ಕಟ್ಟಡದ ಬಾಗಿಲಲ್ಲೇ ನಿಂತುಬಿಟ್ಟೆ. ಲಿಫ್ಟಿನ ಬಾಗಿಲಿಗೆ ಬೀಗ. ಅದರ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ಅಪ್ಪ. ಮೆಟ್ಟಿಲ ತುಂಬ ಏದುಸಿರು ಬಿಡುವ ಗುಮಾಸ್ತರು. ಕಟ್ಟಡದ ಮ್ಯಾನೇಜರ್ ಸಾಹೇಬರು ಮರಾಠಿಯಲ್ಲಿ ಗುಡುಗುತ್ತಿದ್ದರು: ಬೆಳಿಗ್ಗೆಯಿಂದ ಇವನಿಗೆ ಹುಚ್ಚು ಹಿಡಿದಿದೆ, ಹಗ್ಗ ತೋರಿಸುವ ತನಕ ಲಿಫ್ಟ್ ಬಿಡುವುದಿಲ್ಲವಂತೆ, ನಾಳೆಯಿಂದ ಈ ಸ್ಟೂಲಿನ ಮೇಲೆ ಬೇರೆಯವನು!

ಒಂದು ಲೆಕ್ಕದಿಂದ ಅಪ್ಪನ ನೌಕರಿ ಹೋಗುತ್ತಿತ್ತು.

"ಅಪ್ಪಾ, ಅದು ಬರೇ ಪುಸ್ತಕದಾಗಿನ ಹಗ್ಗ," ಎಂದೆ ಮೆಲ್ಲಗೆ.

"ಅಂದ್ರ ಪುಸ್ತಕದಾಗ ಬರೆದದ್ದು ಸುಳ್ಳೇನು?"

ಸುಳ್ಳೆಂದರೆ ನನ್ನ ಕಾಲೇಜು ಸುಳ್ಳು. ಡಬ್ಬಿಯನ್ನು ಸ್ಟೂಲಿನ ಪಕ್ಕ ಇಟ್ಟೆ.

"ಹದಿನಾಕು ವರ್ಷ ಆತವಾ, ಆ ಹಗ್ಗ ನಾ ಕಣ್ಣಿಂದ ನೋಡಿಲ್ಲ. ಮ್ಯಾಲಿನ ಖೋಲಿ ಕೀಲಿ ಮೆಕ್ಯಾನಿಕ್‌ನ ಕಡೆ. ನೋಡದ ಹಗ್ಗಕ್ಕ ಮಂದೀನ ಹ್ಯಾಂಗ ಜೋತುಬಿಡ್ಲಿ?"

ಈ ಜ್ಞಾನ ಯಾರು ಕೊಟ್ಟರೆಂದು ಸಾಹೇಬರು ಕೇಳಿದರು. ಅಪ್ಪ ಎದ್ದುನಿಂತು, ಪದಕ ತೋರಿಸುವವನಂತೆ ನನ್ನನ್ನು ತೋರಿಸಿದ. ಅಷ್ಟು ಗುಮಾಸ್ತರು ನನ್ನತ್ತ ತಿರುಗಿದ ಆ ಕ್ಷಣ ನಾನೂ ಸೊನ್ನೆ ತೂಗುತ್ತಿದ್ದೆ.

ಅಪ್ಪನ ಮಾನ ಕಳೆಯಲೆಂದೇ ಸಾಹೇಬರು ಮೆಕ್ಯಾನಿಕ್‌ನನ್ನು ಕರೆಸಿದರು. ಆತ ಹಲ್ಲುಕಿಸಿಯುತ್ತ ಮೆಟ್ಟಿಲು ಹತ್ತಿದ. ಇಳಿದಾಗ ಮುಖದಲ್ಲಿ ನಗು ಇರಲಿಲ್ಲ. ಮೂರು ಉಕ್ಕಿನ ಹಗ್ಗಗಳಲ್ಲಿ ಒಂದರ ಎಳೆಗಳು ಪೊರಕೆಯಂತೆ ಬಿಚ್ಚಿಕೊಂಡಿದ್ದವು. ಇನ್ನೊಂದು ತುಕ್ಕು ಹಿಡಿದಿತ್ತು. ಬದಲಿಸುವ ತನಕ ಒಂದು ಬೆಕ್ಕನ್ನೂ ಹತ್ತಿಸಬೇಡಿ ಎಂದ.

ಸಾಹೇಬರು ಮೆಟ್ಟಿಲ ಮೇಲೆಯೇ ಕುಳಿತರು. ನಾನು ಅಪ್ಪನ ಮುಖದಲ್ಲಿ ಗೆಲುವು ಹುಡುಕಿದೆ. ಸಿಕ್ಕಿದ್ದು ಬಿಳಿಚಿದ ತುಟಿ. ಹಗ್ಗ ನಿಜಕ್ಕೂ ಸವೆದಿದೆಯೆಂಬ ಅನುಮಾನವೇನೂ ಅವನಿಗೆ ಇರಲಿಲ್ಲ. ಪುಸ್ತಕದ ಆ ಮನುಷ್ಯನನ್ನು ಮರೆಯಲಾಗದೆ ಕೂತಿದ್ದ, ಅಷ್ಟೆ.

"ಶನಿವಾರ ಈ ಲಿಫ್ಟಿನ ಒಳಗ ಹನ್ನೊಂದು ಮಂದಿ ಇದ್ರು," ಎಂದ. ಆಮೇಲೆ ಡಬ್ಬಿ ಬಿಚ್ಚಿದ. ರೊಟ್ಟಿ ಮುರಿಯಲು ಕೈ ಬರಲಿಲ್ಲ, ನಾನೇ ಮುರಿದುಕೊಟ್ಟೆ.

ಸ್ಟೂಲು ಅಪ್ಪನಿಗೇ ಉಳಿಯಿತು. ಪರೀಕ್ಷೆಯಲ್ಲಿ ಅದೇ ಲೆಕ್ಕ ಬಂತು. ಸೊನ್ನೆ ಎಂದು ಬರೆದು ಪೂರ್ತಿ ಅಂಕ ಪಡೆದೆ.

ಈಗ ಪುಣೆಯದೇ ಖರಾಡಿಯಲ್ಲಿ ನನ್ನ ಮನೆಯ ಲಿಫ್ಟಿಗೆ ಕನ್ನಡಿಯಿದೆ, ಮಹಡಿ ಸಾರುವ ಹೆಣ್ಣುದನಿಯಿದೆ. ಸ್ಟೂಲಿಲ್ಲ, ಗ್ರೀಸಿನ ವಾಸನೆಯಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದೆ. ಪ್ರತಿ ವರ್ಷ ಕರಿಹಲಗೆಯ ಮೇಲೆ ಆ ಹಗ್ಗ ಹರಿದೆ. ಜಾಣ ಮಕ್ಕಳು ಅರೆನಿಮಿಷದಲ್ಲಿ ಸೊನ್ನೆ ಎಂದರು, ನಾನು ಸರಿ ಎಂದೆ. ಆ ಮನುಷ್ಯನಿಗೆ ಏನಾಯಿತೆಂದು ಕೇಳುವವರಿಗೆ ಕೊಡಲು ಒಂದು ಅಂಕ ಎತ್ತಿಟ್ಟಿದ್ದೆ. ನಿವೃತ್ತಿಯ ದಿನವೂ ಅದು ನನ್ನ ಬಳಿಯೇ ಇತ್ತು.