ಅಬೀದಾ ಆರಿಸಿದ ರ್ಯಾಮ್

ಧಾರವಾಡದಲ್ಲಿ ಪಿಎಚ್‌ಡಿ ಮಾಡುವವರಲ್ಲಿ ಎರಡೇ ಥರ. ಅಬೀದಾಳ ಹತ್ತಿರ ಪ್ರಬಂಧ ಟೈಪ್ ಮಾಡಿಸಿದವರು, ಅವಳ ಹತ್ತಿರವೇ ಮಾಡಿಸಬೇಕಿತ್ತು ಎಂದು ಆಮೇಲೆ ಹಲುಬಿದವರು. ಹೀಗೆ ಹೇಳುವವನು ಅವಳ ಗಂಡ ಇಮಾಮಹುಸೇನ. ಸ್ಕೂಟರ್ ರಿಪೇರಿಯವನು, ಹೆಂಡತಿಯ ಮಾತು ಬಂದರೆ ಒಂದಕ್ಕೆರಡು ಸೇರಿಸುವ ಆಸಾಮಿ. ಆದರೂ ಈ ಮಾತಿನಲ್ಲಿ ಸುಳ್ಳು ಕಡಿಮೆ.

ಅಬೀದಾ ಗರಗದವಳು. ಹತ್ತನೆಯ ತರಗತಿ ಮುಗಿಸಿ, ದಿನಾ ಬಸ್ಸಿನಲ್ಲಿ ಧಾರವಾಡಕ್ಕೆ ಬಂದು ಟೈಪಿಂಗ್ ಕಲಿತಳು. ಇಪ್ಪತ್ತು ವರ್ಷದಿಂದ ಗಂಡನ ಗ್ಯಾರೇಜಿಗೆ ಹೊಂದಿಕೊಂಡ ಕೋಣೆಯಲ್ಲಿ ಡಿಟಿಪಿ ಕೆಲಸ. ಪದವಿಯ ಮೇಲೆ ಪದವಿ ಪಡೆದವರನ್ನೂ "ಇಲ್ಲೆ ಕ್ರಿಯಾಪದ ಎಲ್ಲೈತ್ರಿ ಸರ್?" ಎಂದು ಮೆತ್ತಗೆ ಕೇಳುತ್ತಾಳೆ. ಸರ್ ತಲೆ ಕೆರೆದುಕೊಳ್ಳುತ್ತಾರೆ. ಗೋಡೆಯಾಚೆ ಇಮಾಮಹುಸೇನನ ಎದೆ ಎರಡಿಂಚು ಉಬ್ಬುತ್ತದೆ.

ಈ ಸಲ ಕೈಕೊಟ್ಟದ್ದು ಅವಳ ಕಂಪ್ಯೂಟರ್. ದ್ರಾಕ್ಷಾಯಿಣಿ ಎಂಬ ಉಪನ್ಯಾಸಕಿ ಖಾದಿ ನೂಲುವ ಹೆಂಗಸರ ಮೇಲೆ ನಾನೂರು ಪುಟದ ಪ್ರಬಂಧ ಬರೆದಿದ್ದಳು, ಅದರ ತುಂಬ ಫೋಟೋಗಳು. ಫೋಟೋ ಇರುವ ಪುಟ ತೆರೆದರೆ ಸಾಕು, ಕಂಪ್ಯೂಟರ್ ಹ್ಯಾಂಗ್ ಆಗಿ ಕೂಡುತ್ತಿತ್ತು. ಸಲ್ಲಿಸಲು ಶುಕ್ರವಾರವೇ ಕೊನೆಯ ದಿನ, ಅವತ್ತು ಸೋಮವಾರ. ಹೊಸದನ್ನು ಕೊಳ್ಳುವಂತೆಯೂ ಇಲ್ಲ. ಅವಳ ಕನ್ನಡ ತಂತ್ರಾಂಶ ನಡೆಯಬೇಕಾದರೆ ಕಂಪ್ಯೂಟರಿನ ಹಿಂದಿನ ಅಗಲವಾದ ಕಿಂಡಿಗೆ ತಂತ್ರಾಂಶದ ಜೊತೆಗೇ ಬಂದ, ಬೀಗದ ಕೈಯಂಥದ್ದೊಂದು ಬಿಲ್ಲೆ ಚುಚ್ಚಿರಬೇಕು. ಹೊಸ ಕಂಪ್ಯೂಟರುಗಳಿಗೆ ಆ ಕಿಂಡಿಯೇ ಇಲ್ಲ.

"ಬ್ಯಾರೆ ಕಡೆ ಕೊಡ್ಲೇನ್ರಿ ಅಬೀದಕ್ಕಾ?" ದ್ರಾಕ್ಷಾಯಿಣಿಯ ದನಿ ಅಳುವ ಹಾಗಿತ್ತು.

"ಶುಕ್ರವಾರ ಮುಂಜಾನೆ ಬರ್ರಿ. ನನ್ನ ಮ್ಯಾಲ ಬಿಡ್ರಿ," ಎಂದಳು ಅಬೀದಾ.

ಗೋಡೆಯಾಚೆ ಇಮಾಮಹುಸೇನ ಕೈಯಲ್ಲಿನ ಪಾನಾ ಕೆಳಗಿಟ್ಟ. ಮಾತು ತಪ್ಪಿದರೆ ಆ ಹುಡುಗಿಯ ಐದು ವರ್ಷದ ದುಡಿಮೆ, ಇವಳ ಇಪ್ಪತ್ತು ವರ್ಷದ ಹೆಸರು, ಎರಡೂ ಮಣ್ಣುಪಾಲು. ಅಬೀದಾ ಮಾತ್ರ ತಣ್ಣಗೆ ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ಕಪಾಟಿನಿಂದ ಅದರ ಹಳೆಯ ಕೈಪಿಡಿ ತೆಗೆದು, ಚೀಟಿಯ ಮೇಲೆ ಏನೋ ಬರೆದುಕೊಂಡಳು.

"ರ್ಯಾಮ್ ಸಾಲವಲ್ದು," ಎಂದಳು. "ಹತ್ತ ಮಂದಿ ಉಣ್ಣೂ ಪಡಸಾಲ್ಯಾಗ ನಲವತ್ತ ಮಂದಿ ಕುಂತ್ರ ಬಡಸವ್ರು ಎಲ್ಲೆ ಅಡ್ಡಾಡಬೇಕು?"

ಮರುದಿನ ಇಬ್ಬರೂ ಸ್ಕೂಟರ್ ಮೇಲೆ ಹುಬ್ಬಳ್ಳಿಗೆ ಹೋದರು. ಕಂಪ್ಯೂಟರ್ ಅಂಗಡಿಯ ಮಾಲಕ ಪಂಢರಿನಾಥ ಅಬೀದಾಳನ್ನು ಬಿಟ್ಟು ಇಮಾಮಹುಸೇನನನ್ನು ಕೇಳಿದ: "ಏನ್ ಬೇಕ್ರಿ ಭಾಯಿ?"

"ಡಿಡಿಆರ್ ಟು ರ್ಯಾಮ್. ಎರಡೆರಡು ಜಿಬಿದು, ಎರಡು ಪಟ್ಟಿ," ಎಂದಳು ಅಬೀದಾ.

ಪಂಢರಿನಾಥ ಮತ್ತೆ ಗಂಡನ ಕಡೆಗೇ ತಿರುಗಿದ. "ಭಾಯಿ, ಇಷ್ಟ ಹಳೇದಕ್ಕ ಯಾಕ ರೊಕ್ಕ ಸುರೀತೀರಿ? ಖರೇ ಹೇಳ್ತೇನಿ, ಹೊಸಾದ ಒಯ್ರಿ."

"ನನಗ ಸ್ಕೂಟರ್ ಪ್ಲಗ್ ಬಿಚ್ಚೂದು ಬಿಟ್ರ ಏನೂ ತಿಳಿಯಂಗಿಲ್ರಿ," ಎಂದ ಇಮಾಮಹುಸೇನ. "ಸಾಹೇಬ್ರು ಅವ್ರು. ಅವ್ರನ್ನ ಕೇಳ್ರಿ."

ಪಂಢರಿನಾಥ ಒಳಗಿನಿಂದ ಒಂದು ಹಸಿರು ಪಟ್ಟಿ ತಂದ. "ನಾಕ್ ಜಿಬಿದು. ಇದೊಂದ ಹಾಕಿದ್ರ ಕೆಲಸ ಮುಗೀತು."

ಅಬೀದಾ ಅದನ್ನು ತಿರುಗಿಸಿ, ಮೇಲಿನ ಚೀಟಿ ಓದಿ, ಮೇಜಿನ ಮೇಲಿಟ್ಟಳು. "ಇದು ಎಎಂಡಿ ಬೋರ್ಡಿಗಷ್ಟ ನಡೀತೈತ್ರಿ. ನಮ್ಮದು ಇಂಟೆಲ್. ಒಂದೊಂದ ಕಿಂಡ್ಯಾಗ ಎರಡ್ ಜಿಬಿಕಿಂತ ಹೆಚ್ಚ ತಗೊಳ್ಳಂಗಿಲ್ಲ. ಕೈಪಿಡ್ಯಾಗ ಬರದಾರ, ತೋರಸ್ಲೇನ್ರಿ?"

ಆಗ ಪಂಢರಿನಾಥ ಮೊದಲ ಸಲ ಅವಳನ್ನು ನೋಡಿದ. ಹಳೆಯ ಪಟ್ಟಿಗಳ ಡಬ್ಬಿಯನ್ನೇ ತಂದು ಅವಳ ಮುಂದಿಟ್ಟು, "ನೀವ ಆರಿಸ್ರಿ ಬಾಯಾರ," ಎಂದ. ಅಬೀದಾ ಒಂದೇ ಕಂಪನಿಯ, ಒಂದೇ ವೇಗದ ಎರಡನ್ನು ಆರಿಸಿ, ಅಂಗಡಿಯ ಕಂಪ್ಯೂಟರಿಗೆ ಒಂದೊಂದಾಗಿ ಹಾಕಿಸಿ ನೋಡಿ, ಒಂದನ್ನು ಬದಲಿಸಿ ತಂದಳು. ವಾಪಸು ಬರುವಾಗ ಉಣಕಲ್ ದಾಟುವವರೆಗೂ ಇಮಾಮಹುಸೇನ ಒಬ್ಬನೇ ನಗುತ್ತಿದ್ದ.

ಮನೆಗೆ ಬಂದು ಹಾಕಿದರೆ ಪರದೆ ತೋರಿಸಿದ್ದು ನಾಲ್ಕಲ್ಲ, ಮೂರೂಕಾಲು. ಇಮಾಮಹುಸೇನನಿಗೆ ಪಿತ್ತ ನೆತ್ತಿಗೇರಿತು. "ಮುಕ್ಕಾಲ್ ಜಿಬಿ ಹೊಡದಾನ ಆ ಮಗ! ಸ್ಕೂಟರ್ ತಗೀತೇನಿ ತಡಿ."

"ಕುಂದರ್ರಿ ಸುಮ್ನ. ನಮ್ಮ ವಿಂಡೋಸ್ ಹಳೇದು, ಅದಕ್ಕ ಅಷ್ಟ ಕಾಣ್ತೈತಿ. ಹೋಗೂ ಮೊದ್ಲ ನನಗ ಗೊತ್ತಿತ್ತು. ಆದ್ರ ಎರಡೂ ಒಂದ ನಮೂನಿ ಇದ್ರ ಜೋಡಿ ಛಲೋ ಓಡ್ತಾವ, ಅದಕ್ಕ ತಂದೆ."

ಅವಳು ಫೋಟೋದ ಪುಟ ತೆರೆದಳು. ರಾಟಿಯ ಮುಂದೆ ಕುಳಿತ ಮುದುಕಿಯೊಬ್ಬಳು ಸುಕ್ಕುಸುಕ್ಕಾಗಿ, ಪೂರ್ತಿಯಾಗಿ ಮೂಡಿದಳು. ಕಂಪ್ಯೂಟರ್ ನಿಲ್ಲಲಿಲ್ಲ. ಮೂರು ದಿನ ಅಬೀದಾಳೂ ನಿಲ್ಲಲಿಲ್ಲ.

ಶುಕ್ರವಾರ ಮುಂಜಾನೆ ದ್ರಾಕ್ಷಾಯಿಣಿ ಬಂದಾಗ ನಾನೂರು ಪುಟವೂ ತಯಾರು. ಬೈಂಡಿಂಗಿಗೆ ಒಯ್ಯಲು ಕಟ್ಟು ಎತ್ತಿಕೊಂಡ ಇಮಾಮಹುಸೇನ ಮೇಲಿದ್ದ ಕೃತಜ್ಞತೆಯ ಪುಟ ಓದುತ್ತ ನಿಂತುಬಿಟ್ಟ.

"ಅಬೀದಾ, ಇಲ್ಲೆ ತಪ್ಪೈತಿ."

ಅವಳು ಬೆಚ್ಚಿಬಿದ್ದಳು. "ಎಲ್ಲೆ?"

ಗ್ರೀಸ್ ತಾಗದಂತೆ ಬೆರಳನ್ನು ದೂರದಲ್ಲೇ ಹಿಡಿದು ತೋರಿಸಿದ. 'ಅಂದವಾಗಿ ಅಕ್ಷರ ಜೋಡಿಸಿಕೊಟ್ಟ ಶ್ರೀ ಇಮಾಮಹುಸೇನ ಅವರಿಗೆ' ಎಂದಿತ್ತು. ಅಬೀದಾ ಬರೆದುಕೊಟ್ಟಂತೆಯೇ ಹೊಡೆದಿದ್ದಳು.

"ಹೊರಗ ಬೋರ್ಡಿನ ಮ್ಯಾಲ ನಿಮ್ಮ ಹೆಸರ ಐತಲ್ರಿ ಕಾಕಾ, ಅದನ್ನ ನೋಡಿ ಬರದೆ," ಎಂದು ದ್ರಾಕ್ಷಾಯಿಣಿ ನಾಚಿದಳು.

"ಇರ್ಲಿ ಬಿಡ್ರಿ," ಎಂದಳು ಅಬೀದಾ. "ಹೊತ್ತಾಕ್ಕೈತಿ."

"ಏನ್ ಇರ್ಲಿ? ನಾ ಯಾವ ಅಕ್ಷರ ಜೋಡಿಸೇನಿ?" ಎಂದು ಇಮಾಮಹುಸೇನ ಕಟ್ಟನ್ನು ಮೇಜಿನ ಮೇಲೆ ಇಳಿಸಿಯೇಬಿಟ್ಟ. "ಒಂದ ಪುಟ. ತಗಿ ಲಗೂ."

ಅಬೀದಾ ಕುಳಿತು ಗಂಡನ ಹೆಸರು ಅಳಿಸಿದಳು. ನೂರಾರು ಪ್ರಬಂಧಗಳಲ್ಲಿ ಯಾರ್‍ಯಾರದೋ ಹೆಸರು ಹೊಡೆದವಳು, ತನ್ನದನ್ನು ಎಲ್ಲಿಯೂ ಹೊಡೆದಿರಲಿಲ್ಲ. ಮೂರೇ ಅಕ್ಷರದ ಹೆಸರಿನಲ್ಲಿ ಒಂದು ತಪ್ಪಿತು. ಅಳಿಸಿ, ಮತ್ತೆ ಹೊಡೆದಳು.